ಮಹೇಶ್ವರ ಮಾಷ್ಟ್ರ ಫ್ಯಾನ್ ಬೆಲ್ಟು

ಮಹೇಶ್ವರ ಮಾಷ್ಟ್ರ ಕಾರು ಸ್ಟಾರ್ಟ್ ಆದರೆ ನರಿಕೊಂಬಿನ ಅರ್ಧ ಊರಿಗೆ ಗೊತ್ತಾಗುತ್ತಿತ್ತು. ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಅದು ಅರಚುತ್ತಿತ್ತು. ಫ್ಯಾನ್ ಬೆಲ್ಟು ಸವೆದು ಹೋಗಿತ್ತು, ಅಷ್ಟೇ. ಊರಿಗೆ ಗೊತ್ತಾದರೆ ಮಾಷ್ಟ್ರಿಗೆ ಚಿಂತೆಯಿರಲಿಲ್ಲ. ಬೆಳ್ತಂಗಡಿಯ ಭಾವಮೈದುನ ಶಶಾಂಕನಿಗೆ ಗೊತ್ತಾದದ್ದೇ ಕಷ್ಟಕ್ಕೆ ಬಂತು. ಚೌತಿಯ ಊಟಕ್ಕೆ ಹೋದಾಗ ಅವನು ಐವತ್ತು ಜನರ ಎದುರು, "ಸದ್ದು ಕೇಳಿತಲ್ಲ, ಭಾವ ಬಂದರು. ಇನ್ನು ಎಲೆ ಹಾಕಬಹುದು" ಎಂದಿದ್ದ. ಬಡಿಸುವವರು ಕೂಡ ನಕ್ಕಿದ್ದರು.

ಈಗ ಆಯುಧಪೂಜೆ. ಸಂಜೆ ಶಶಾಂಕನ ಅಂಗಳದಲ್ಲಿ ಕುಟುಂಬದ ಕಾರುಗಳೆಲ್ಲ ಸಾಲಾಗಿ ನಿಂತು ಪೂಜೆ. ಅಲ್ಲಿಗೆ ಸದ್ದಿಲ್ಲದೆ ಹೋಗಿ ಇಳಿಯಬೇಕು, ಆ ಬಾಯಿಗೆ ಬೀಗ ಹಾಕಬೇಕು ಎಂಬುದೊಂದೇ ಮಾಷ್ಟ್ರ ಹಠ.

"ಫರಂಗಿಪೇಟೆಯ ನಾಸಿರಣ್ಣನ ಗ್ಯಾರೇಜಿಗೆ ಕೊಡಿ" ಎಂದು ಹೆಂಡತಿ ಶುಭಶ್ರೀ ವಾರದಿಂದ ಹೇಳುತ್ತಿದ್ದಳು.

"ಅಲ್ಲಿಗೆ ಯಾಕೆ? ಇಪ್ಪತ್ತು ವರ್ಷದಿಂದ ಮೂಡುಬಿದಿರೆ ಕಾಲೇಜಿನಲ್ಲಿ ರಾಟೆ, ಬೆಲ್ಟು ಎಲ್ಲ ಕಲಿಸುವುದು ನಾನೇ ಅಲ್ವಾ?"

ಕಲಿಸುವುದು ನಿಜ, ಕರಿಹಲಗೆಯ ಮೇಲೆ. ಅಲ್ಲಿ ಬೋಲ್ಟಿಗೆ ತುಕ್ಕು ಹಿಡಿಯುವುದಿಲ್ಲ. ಘರ್ಷಣೆ ಇಲ್ಲವೆಂದು ಭಾವಿಸಿ ಎಂದರೆ ಅದು ಇರುವುದೂ ಇಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಮಾಷ್ಟ್ರು ಬಾನೆಟ್ ಎತ್ತಿದರು. ಪಕ್ಕದ ಮನೆಯ ಅಣ್ಣು ಶೆಟ್ರು ಕೂಡಲೇ ಲುಂಗಿ ಮೇಲೆತ್ತಿ ಕಟ್ಟಿ ಹಾಜರಾದರು. ಇಪ್ಪತ್ತೆರಡು ವರ್ಷ ಮಸ್ಕತ್ತಿನ ಹೋಟೆಲಿನಲ್ಲಿ ಕ್ಯಾಶಿಗೆ ಕೂತು ಬಂದವರು. ಹಾಗಾಗಿ ಅವರಿಗೆ ಗೊತ್ತಿಲ್ಲದ ವಿದ್ಯೆ ಇರಲಿಲ್ಲ.

"ಮಸ್ಕತ್ತಿನಲ್ಲಿ ಇದಕ್ಕೆಲ್ಲ ಮಿಷನ್ ಉಂಟು ಮಾಷ್ಟ್ರೇ."

"ಇಲ್ಲಿ ನಾನಿದ್ದೇನಲ್ಲ."

"ಅದೇ ಹೆದರಿಕೆ ಮಾರಾಯ್ರೆ. ತೆಗೆಯುವ ಮೊದಲು ಒಂದು ಫೋಟೋ ಹೊಡೆಯಿರಿ, ಬೆಲ್ಟು ಯಾವ ಚಕ್ರದ ಮೇಲಿಂದ ಹೋಗ್ತದೆ ಅಂತ."

ಫೋಟೋ ಬೇಕಾಗುವುದು ದಡ್ಡರಿಗೆ ಎಂಬ ಮುಖ ಮಾಡಿ ಮಾಷ್ಟ್ರು ಸ್ಪ್ಯಾನರ್ ಹಾಕಿದರು. ಒಂದು ಗಂಟೆಯಾಗಿ, ಎರಡು ಬೆರಳಿನ ಚರ್ಮ ಹೋದ ಮೇಲೆ ಹಳೆಯ ಬೆಲ್ಟು ಸತ್ತ ಕೇರೆಹಾವಿನಂತೆ ಕೈಗೆ ಬಂತು. ಕೋಟೆ ಗೆದ್ದ ಗತ್ತಿನಲ್ಲಿ ಕಾಫಿ ಕುಡಿಯಲು ಒಳಗೆ ಹೋದರು. ಕಾಫಿಗೆ ಎರಡು ದೋಸೆಯೂ ಸೇರಿತು.

ಹೊರಗೆ ಬಂದರೆ ಸ್ಪ್ಯಾನರುಗಳು ಒಂದೂ ಇಲ್ಲ.

ತಾಯಿ ಸುಬ್ಬಮ್ಮ ಅವನ್ನೆಲ್ಲ ಸೋಪು ಹಾಕಿ ತಿಕ್ಕಿ, ದೇವರ ಕೋಣೆಯಲ್ಲಿ ಮೆಟ್ಟುಕತ್ತಿಗೂ ಮಿಕ್ಸಿಗೂ ನಡುವೆ ಮಲಗಿಸಿ, ಕುಂಕುಮ ಹಚ್ಚಿ, ಆರತಿ ಎತ್ತಿಯೂ ಆಗಿತ್ತು.

"ಅಮ್ಮ, ಅದು ನನಗೆ ಈಗ ಬೇಕು."

"ಪೂಜೆಗಿಟ್ಟ ಆಯುಧವನ್ನು ನಾಳೆಯವರೆಗೆ ಮುಟ್ಟುವ ಹಾಗಿಲ್ಲ. ವರ್ಷವಿಡೀ ಡಬ್ಬಿಯಲ್ಲಿ ನಿದ್ದೆ ಮಾಡ್ತಿದ್ದವು ಪಾಪ. ಅವುಗಳ ರಜೆಯ ದಿನವೇ ನಿನಗೆ ನೆನಪಾಗಬೇಕಾ?"

ಮಾಷ್ಟ್ರು ಶೆಟ್ರ ಕಡೆ ತಿರುಗಿದರು. "ನಿಮ್ಮಲ್ಲಿ ಸ್ಪ್ಯಾನರ್ ಉಂಟಾ?"

"ಉಂಟು. ಹೂ ಹಾಕಿ ಇಟ್ಟಿದ್ದೇವೆ."

ಕೆಳಗಿನ ನಾಲ್ಕು ಮನೆಗಳಿಗೂ ಹೋಗಿ ಬಂದದ್ದಾಯಿತು. ಕೈಗೆ ಸಿಕ್ಕಿದ್ದು ಎಲ್ಲ ಕಡೆಯೂ ಅವಲಕ್ಕಿ ಪ್ರಸಾದ. ಊರಿನ ಕಬ್ಬಿಣವೆಲ್ಲ ಗಂಧ ಪೂಸಿಕೊಂಡು ದೇವರೆದುರು ಹಾಯಾಗಿ ಒರಗಿತ್ತು, ಬೆವರುತ್ತಿದ್ದವರು ಮಾಷ್ಟ್ರೊಬ್ಬರೇ. ಕೊನೆಗೆ ಬರಿಗೈಯಲ್ಲೇ ಹೊಸ ಬೆಲ್ಟನ್ನು ಒಳಗೆ ತುರುಕಿದರು. ಅದು ಒಂದು ಚಕ್ರ ಹಿಡಿದರೆ ಇನ್ನೊಂದನ್ನು ಬಿಡುತ್ತಿತ್ತು.

"ಮಸ್ಕತ್ತಿನಲ್ಲಾದರೆ ಇಷ್ಟು ಹೊತ್ತಿಗೆ ಹೊಸ ಕಾರೇ ತೆಗೆದುಕೊಳ್ತಿದ್ದರು" ಎಂದು ಹೇಳಿ ಶೆಟ್ರು ಊಟಕ್ಕೆ ಹೋದರು.

ಅತ್ತೆ ಸೊಸೆ ದೇವಸ್ಥಾನಕ್ಕೆ ಹೊರಟು ತಿರುವು ದಾಟುವುದನ್ನೇ ಕಾದು ಮಾಷ್ಟ್ರು ಫೋನು ಮಾಡಿದರು. ಅಬ್ದುಲ್ ನಾಸಿರ್ ಬೈಕಿನಲ್ಲಿ ಬಂದ.

"ಗ್ಯಾರೇಜಿನ ಸಾಮಾನಿಗೆಲ್ಲ ಕೆಲಸದವರು ಪೂಜೆ ಮಾಡಿ ಹೋಗಿದ್ದಾರೆ ಮಾಷ್ಟ್ರೇ, ಅದನ್ನು ನಾನೂ ಮುಟ್ಟುವುದಿಲ್ಲ. ಮನೆಯದ್ದು ತಂದಿದ್ದೇನೆ" ಎಂದವನು ಬಾನೆಟ್ಟಿನೊಳಗೆ ಬಗ್ಗಿ ನೋಡಿದ. "ಇದನ್ನು ಹೀಗೆ ಹೆಣೆದದ್ದು ಯಾರು? ಮಲ್ಲಿಗೆ ಕಟ್ಟಿದ ಹಾಗೆ ಉಂಟು."

ಮಾಷ್ಟ್ರು ಗ್ರೀಸಾದ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಕಾಲು ಗಂಟೆಯಲ್ಲಿ ಬೆಲ್ಟು ಕೂತಿತು.

"ನಾಸಿರಣ್ಣ, ನೀವು ಬಂದದ್ದು ಯಾರಿಗೂ ಗೊತ್ತಾಗುವುದು ಬೇಡ."

"ನಾನು ಯಾಕೆ ಹೇಳ್ಲಿ? ಆದರೆ ಮುಖಕ್ಕೆ ಸ್ವಲ್ಪ ಗ್ರೀಸು ಹಚ್ಚಿಕೊಳ್ಳಿ. ಕೈಗೆ ಮಾತ್ರ ಆದರೆ ಯಾರೂ ನಂಬುವುದಿಲ್ಲ."

ಮಾಷ್ಟ್ರು ಹಚ್ಚಿಕೊಂಡರು. ಕನ್ನಡಿ ನೋಡಿ ಇನ್ನೂ ಸ್ವಲ್ಪ ಹಚ್ಚಿಕೊಂಡರು.

ಹೆಂಗಸರು ಮರಳಿದಾಗ ಕೀಲಿ ತಿರುಗಿಸಿ ತೋರಿಸಿದರು. ಕಾರು ಮಜ್ಜಿಗೆ ಕುಡಿದು ಮಲಗಿದವನಂತೆ ಸಣ್ಣಗೆ ಉಸಿರಾಡಿತು. ಶುಭಶ್ರೀ ಕಾರನ್ನೂ ಗಂಡನನ್ನೂ ಎರಡೆರಡು ಸಲ ನೋಡಿದಳು.

"ನೀವೇ ಮಾಡಿದ್ದಾ?"

"ಮತ್ತೆ ಯಾರು?"

ಅವಳು ಫೋನು ಹಿಡಿದು ಒಳಗೆ ಓಡಿದಳು. ಸ್ನಾನದ ಮನೆಯವರೆಗೂ ಅವಳ ದನಿ ಕೇಳುತ್ತಿತ್ತು: "ಇಲ್ಲ ಶಶಾಂಕ, ಯಾರೂ ಇರಲಿಲ್ಲ. ಇವರೊಬ್ಬರೇ. ಸ್ಪ್ಯಾನರ್ ಕೂಡ ಇಲ್ಲದೆ." ಮಾಷ್ಟ್ರು ಎರಡು ಚೆಂಬು ನೀರು ಹೆಚ್ಚೇ ಹೊಯ್ದುಕೊಂಡರು.

ನಾಲ್ಕೂವರೆಗೆ ಅವರ ಕಾರು ಬೆಳ್ತಂಗಡಿಯ ಅಂಗಳವನ್ನು ಸದ್ದಿಲ್ಲದೆ ಹೊಕ್ಕಿತು. ಯಾರೂ ನಗಲಿಲ್ಲ. ಶಶಾಂಕ ತಾನೇ ಓಡಿಬಂದು ಬಾಗಿಲು ತೆರೆದ.

"ಭಾವ, ನಾನು ಸೋತೆ. ಇನ್ನು ನಿಮ್ಮ ತಮಾಷೆ ಮಾಡಿದರೆ ಕೇಳಿ."

ಮಾಷ್ಟ್ರು ಎದೆಯುಬ್ಬಿಸಿ ಇಳಿದರು. ಆಗ ಕಾಣಿಸಿತು, ತೆಂಗಿನ ಮರದ ಕೆಳಗೆ ಮೂರು ಕಾರುಗಳು ಗುಟುಕಿಗೆ ಕಾದ ಮರಿಹಕ್ಕಿಗಳಂತೆ ಬಾನೆಟ್ ತೆರೆದುಕೊಂಡು ನಿಂತಿದ್ದವು. ಸುತ್ತಲೂ ಕುರ್ಚಿ ಹಾಕಿ ನೆಂಟರು ಕೂತಿದ್ದರು.

"ಒಂದು ನನ್ನದು, ಒಂದು ಚಿಕ್ಕಪ್ಪನದ್ದು, ಅದು ಅತ್ತೆಯದ್ದು" ಎಂದ ಶಶಾಂಕ. "ಬೆಲ್ಟು ಬದಲಿಸಲಿಕ್ಕೆ ಮೆಕ್ಯಾನಿಕ್ ಬರುವುದಿತ್ತು. ಅಕ್ಕ ಫೋನು ಮಾಡಿದ ಮೇಲೆ ನಾನೇ ಬೇಡ ಅಂದೆ. ನಮ್ಮ ಭಾವ ಇರುವಾಗ ಹೊರಗಿನವ ಯಾಕೆ? ಭಟ್ಟರು ಬರುವುದು ಆರೂವರೆಗೆ. ನಿಮಗೆ ಸುಲಭ ಆಗಲಿ ಅಂತ ಹಳೆ ಬೆಲ್ಟುಗಳನ್ನೆಲ್ಲ ನಾನೇ ಕೊಯ್ದು ತೆಗೆದಿದ್ದೇನೆ."

ಮಾಷ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ಶುಭಶ್ರೀ ಮುಂದೆ ಬಂದು, ಹದಿನೆಂಟು ವರ್ಷದ ಸಂಸಾರದಲ್ಲಿ ಮೊದಲ ಸಲ, ಎಲ್ಲರೂ ನೋಡುವ ಹಾಗೆ, ಗಂಡನ ಹೊಸ ಅಂಗಿಯ ತೋಳನ್ನು ಪ್ರೀತಿಯಿಂದ ಮಡಚತೊಡಗಿದಳು.