ಟೊಪ್ಪಿ ಹಾಕಿದ ಸೊನ್ನೆ

ಬ್ಯಾನರ್ ಅಂಗಡಿಯವನು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಟೊಪ್ಪಿ ಇರ್ಬೇಕೋ, ಬೇಡ್ವೋ?"

ಮನ್‌ಸು ಆಗ ದೋಣಿಯಲ್ಲಿದ್ದ. ಎಂಜಿನ್ನು ಮುದಿ ಎಮ್ಮೆಯ ಹಾಗೆ ಕೆಮ್ಮುತ್ತಿತ್ತು. ಬ್ಯಾನರಿನ ಮೂಲೆಯಲ್ಲಿ ಬುನ್‌ರೆ ಅಜ್ಜಿಯ ಚಿತ್ರ ಹಾಕುತ್ತಾನೇನೋ ಅಂದುಕೊಂಡು, "ಇರ್ಲಿ, ಇರ್ಲಿ! ಟೊಪ್ಪಿ ಇಲ್ದೆ ಅಜ್ಜಿ ಹೊಸ್ತಿಲು ದಾಟಲ್ಲ!" ಎಂದು ಕಿರುಚಿ ಫೋನಿಟ್ಟ.

ಅನಾಹುತಕ್ಕೆ ಅಷ್ಟು ಸಾಕಾಯಿತು. ನಮ್ಮ ಕೊರಿಯಾದ ನುಡಿಯಲ್ಲಿ 'ಗುಣವಾಗಿ' ಎಂದರೂ 'ನಾಉಸೆಯೊ', 'ಹೆರಿ' ಎಂದರೂ 'ನಾಉಸೆಯೊ'. ಕಿವಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬರೆಯುವಾಗ ಮಾತ್ರ, ಹೆರುವ ಮಾತಿಗೆ 'ನಾ' ಅಕ್ಷರದ ಕೆಳಗೆ ಒಂದು ಸೊನ್ನೆ ಬರುತ್ತದೆ. ಅದರ ತಲೆಯ ಮೇಲೆ ಎರಡು ಗೀಟು, ಥೇಟ್ ಟೊಪ್ಪಿ. ಗುಣವಾಗುವ ಮಾತಿಗೆ ಆ ಸೊನ್ನೆ ಇಲ್ಲ. ಕಾಲೇಜು ಓದಿದವರೂ ಮುಗ್ಗರಿಸಿ ಬೀಳುವ ಜಾಗ ಇದು.

ಬೆಳಗಿನ ಮಂಜಿನಲ್ಲಿ, ಕನ್ನಡಕವಿಲ್ಲದೆ, ಮನ್‌ಸು ಬ್ಯಾನರನ್ನು ಬಸ್ ನಿಲ್ದಾಣದ ಎದುರು ಎರಡು ಕಂಬಗಳ ನಡುವೆ ಬಿಗಿದು ಕಟ್ಟಿದ. ಐವತ್ತೆಂಟರ ಆತ ಊರಿನ ಯುವಕ ಸಂಘದ ಅಧ್ಯಕ್ಷ. ಅವನಿಗಿಂತ ಚಿಕ್ಕವರು ಊರಲ್ಲಿ ಯಾರೂ ಉಳಿದಿರಲಿಲ್ಲವಾದ್ದರಿಂದ ಆ ಪದವಿಗೆ ಪೈಪೋಟಿಯೂ ಇರಲಿಲ್ಲ. ಸೊಂಟದ ಶಸ್ತ್ರಚಿಕಿತ್ಸೆ ಮುಗಿಸಿ ಬುನ್‌ರೆ ಅಜ್ಜಿ ಅಂದು ಸಂಜೆ ಆಸ್ಪತ್ರೆಯಿಂದ ಬರುವವಳಿದ್ದಳು. ತಾಯಿ ಸತ್ತ ವರ್ಷ ಮನ್‌ಸುವಿಗೆ ಅನ್ನ ಹಾಕಿದ ಕೈ ಅವಳದು.

ಗಂಜಿ ಕುಡಿಯಲು ಮನೆಗೆ ಬಂದು ಕೂತಿದ್ದಾನೆ, ಊರ ಮುಖ್ಯಸ್ಥ ಬೇ ಒಂದೇ ಚಪ್ಪಲಿಯಲ್ಲಿ ಓಡಿ ಬಂದ.

"ಅಧ್ಯಕ್ಷರೇ, ಅಜ್ಜಿಗೆ ಎಷ್ಟು ವಯಸ್ಸು?"

"ಎಂಬತ್ತೊಂದು. ಯಾಕೆ?"

"ಎಂಬತ್ತೊಂದರ ಹೆಂಗಸಿಗೆ 'ಬುನ್‌ರೆ ಅಜ್ಜಿ, ಬೇಗ ಹೆರಿ! ಇಂತಿ ಯುವಕ ಸಂಘ' ಅಂತ ಬರ್ಸಿದೀಯಲ್ಲೋ! ಅದೂ ರಸ್ತೆ ಮೇಲೆ!"

ಮನ್‌ಸುವಿನ ಚಮಚ ಗಂಜಿಯಲ್ಲಿ ಮುಳುಗಿತು. ಅವನ ಹೆಂಡತಿ ಒಳಗಿನಿಂದ ಇಣುಕಿ, "ಸಂಘ ಅಂದ್ರೆ ಇವರೊಬ್ರೇ ತಾನೇ?" ಎಂದಳು. ಅವಳ ದನಿ ಆಗಷ್ಟೇ ಮಸೆದ ಚೂರಿಯಂತಿತ್ತು.

"ಮೊದಲಾಗಿದ್ರೆ ಮುಚ್ಚಿಡಬಹುದಿತ್ತು," ಬೇ ತಲೆ ಹಿಡಿದುಕೊಂಡ. "ಎಂಬತ್ತು ವರ್ಷ ಒಂದಕ್ಷರ ಬರ್ತಿರ್ಲಿಲ್ಲ. ಹೋದ ಚಳಿಗಾಲದಲ್ಲಿ ಅಜ್ಜಿಯರ ಶಾಲೆಗೆ ಸೇರಿದ್ಮೇಲೆ ಮಾತ್ರೆ ಚೀಟಿನೂ ಬಿಡಲ್ಲ, ಗೊಬ್ಬರದ ಚೀಲಾನೂ ಬಿಡಲ್ಲ, ಎಲ್ಲಾ ಓದ್ತಾಳೆ. ಇದನ್ನ ಬಿಡ್ತಾಳಾ? ಚಳಿಗಾಲದ ಉಪ್ಪಿನಕಾಯಿಗೆ ಉಪ್ಪು-ಖಾರ ಹದ ಮಾಡೋಳು ಅವಳೇ, ಮುನಿಸ್ಕೊಂಡ್ರೆ ಈ ಸಲ ಊರಲ್ಲಿ ಒಂದು ಜಾಡಿ ಕಿಮ್ಚಿನೂ ಆಗಲ್ಲ, ನೆನಪಿಟ್ಕೋ."

ಮನ್‌ಸು ಏಣಿ ಹೊತ್ತು ಓಡಿದ. ಹೋಗಿ ನೋಡಿದರೆ ಬ್ಯಾನರಿನ ಕೆಳಗೆ ಏಣಿ ಇಡಲೂ ಜಾಗವಿಲ್ಲದಷ್ಟು ಜನ ಸೇರಿಬಿಟ್ಟಿದ್ದರು. ಬೆಳಗಿನ ಮೊದಲ ಬಸ್ಸಿನವರು ಸುದ್ದಿಯನ್ನು ಸುತ್ತಲಿನ ಹಳ್ಳಿಗಳಿಗೆಲ್ಲ ಹಂಚಿದ್ದರು. ಬಸ್ಸಿನ ಕಿಟಕಿಯಿಂದ ಹೆಸರು ಯಾರ ಕಣ್ಣಿಗೂ ಸರಿಯಾಗಿ ಬಿದ್ದಿರಲಿಲ್ಲ. ಬಿದ್ದದ್ದು 'ಬೇಗ ಹೆರಿ' ಎಂಬುದಷ್ಟೇ. ಕೆಳಗೆ ಬಂದು ನಿಂತವರ ಕಣ್ಣೂ ಆ ಎರಡು ಮಾತು ಬಿಟ್ಟು ಪಕ್ಕಕ್ಕೆ ಸರಿಯಲಿಲ್ಲ. ಆ ಕಡಲ ದಂಡೆಯ ಉದ್ದಕ್ಕೂ ಮಗುವಿನ ಅಳು ಕೇಳಿ ಎಷ್ಟು ವರ್ಷವಾಯಿತೆಂದು ಯಾರಿಗೂ ನೆನಪಿರಲಿಲ್ಲ. ಮುಚ್ಚಿದ ಮಕ್ಕಳ ಶಾಲೆಯ ಕಟ್ಟಡದಲ್ಲಿ ಈಗ ಸಿಂಪಿ ಒಣಗಿಸುತ್ತಿದ್ದರು.

ಬಂದವರು ನಗುತ್ತಿರಲಿಲ್ಲ, ಮನ್‌ಸುವಿಗೆ ಭಯವಾಗಿದ್ದು ಅದಕ್ಕೇ. ಗುಡಿಯಲ್ಲಿ ನಿಂತವರ ಹಾಗೆ ಟೊಪ್ಪಿ ತೆಗೆದು ಸುಮ್ಮನೆ ನಿಂತಿದ್ದರು. ಒಬ್ಬಳು ಮುದುಕಿ ಒಣಗಿಸಿದ ಕಡಲಸೊಪ್ಪಿನ ಕಟ್ಟನ್ನು ಕಂಬದ ಬುಡದಲ್ಲಿಟ್ಟು ನಮಸ್ಕರಿಸಿದಳು. ಬಾಣಂತಿಗೆ ಸಾರು ಮಾಡುವ ಸೊಪ್ಪು. ಅದನ್ನು ಕಂಡು ಲಾರಿ ಚಾಲಕನೊಬ್ಬ ಇನ್ನೊಂದು ಕಟ್ಟು ತಂದ. ಹೊತ್ತು ಇಳಿಯುವಷ್ಟರಲ್ಲಿ ಕಂಬದ ಬುಡದಲ್ಲಿ ಹುಲ್ಲಿನ ಬಣವೆಯ ಹಾಗೆ ಕಡಲಸೊಪ್ಪು ಬೆಳೆದಿತ್ತು.

"ಹುಡುಗಿ ಯಾರಪ್ಪಾ?" ಮುದುಕಿ ಮನ್‌ಸುವಿನ ತೋಳು ಹಿಡಿದಳು. "ಯಾರ ಮನೆ ಸೊಸೆ? ನಂಗೆ ಒಂದ್ಸಲ ಆ ಹೊಟ್ಟೆ ಮುಟ್ಟಕ್ಕೆ ಬಿಡ್ತಾರಾ?"

"ಅಜ್ಜೀ, ಅದು... ಒಂದು ಸೊನ್ನೆ ಹೆಚ್ಚಾಗಿದೆ."

"ಒಂದು ಹೆಚ್ಚಾ? ಅವಳಿ ಜವಳಿನಾ!" ಎಂದು ಮುದುಕಿ ಅಲ್ಲೇ ಕುಸಿದು ಕೂತಳು. "ಅವಳಿಯಂತೆ, ಅವಳಿಯಂತೆ" ಎಂದು ಮಾತು ಗುಂಪಿನಲ್ಲಿ ಹರಿದು ಹೋಯಿತು.

ಅಷ್ಟರಲ್ಲಿ ತಾಲ್ಲೂಕು ಕಚೇರಿಯ ಕಾರು ಬಂದು ನಿಂತಿತು. ಟೈ ಕಟ್ಟಿದ ಅಧಿಕಾರಿಯೊಬ್ಬ ಹೂಗುಚ್ಛ ಹಿಡಿದು ಇಳಿದ. ಕಂಕುಳಲ್ಲಿ ಮಗುವಿನ ಹಾಸಿಗೆ.

"ನಾನು ಕೆಲಸಕ್ಕೆ ಸೇರಿದಾಗಿಂದ ಮರಣ ಬರ್ಕೊಂಡೇ ಕೂತಿದೀನಿ ಸ್ವಾಮಿ," ಎಂದ ಅವನು. ಕಣ್ಣು ತೇವವಾಗಿತ್ತು. "ಒಂದು ಜನನ ಬರ್ಯೋ ಭಾಗ್ಯ ಸಿಕ್ಕಿರ್ಲಿಲ್ಲ. ತಾಯಿಯ ಹೆಸರು ಹೇಳಿ."

ಇಷ್ಟು ಜನ ಒಂದು ಕೂಸಿಗಾಗಿ ಹೀಗೆ ಉಸಿರು ಹಿಡಿದು ನಿಂತದ್ದನ್ನು ಮನ್‌ಸು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಒಂದು ಕ್ಷಣ ಅವನಿಗೂ ಎಲ್ಲೋ ಮಗು ಅತ್ತಂತಾಯಿತು. ಸಮುದ್ರದ ಮೇಲಿನ ಕಡಲಹಕ್ಕಿ ಅದು.

ಬೇ ಮುಖ್ಯಸ್ಥನೇ ಕೊನೆಗೆ ಬ್ಯಾನರಿನ ಹೆಸರಿನತ್ತ ಬೆರಳು ತೋರಿಸಿ ವಯಸ್ಸು ಹೇಳಿದ. ಅಧಿಕಾರಿ ಬ್ಯಾನರು ನೋಡಿದ, ಹೂಗುಚ್ಛ ನೋಡಿದ, ಮನ್‌ಸುವನ್ನು ನೋಡಿದ. ಗುಂಪಿನಿಂದ ಹೊರಟ ನಿಟ್ಟುಸಿರಿಗೆ ಬ್ಯಾನರೇ ಅಲುಗಾಡಿದಂತಾಯಿತು. ಆಮೇಲೆ ಶುರುವಾಯಿತು ಬೈಗುಳ.

"ಅಕ್ಷರ ಬರ್ದೇ ಇದ್ರೆ ಬಾಯಲ್ಲಿ ಹೇಳ್ಬೇಕಿತ್ತು, ಬಟ್ಟೆ ಯಾಕೆ ಹಾಳ್ಮಾಡ್ದೆ?"

"ಅಧ್ಯಕ್ಷನಂತೆ ಅಧ್ಯಕ್ಷ!"

ಬ್ಯಾನರು ಕಿತ್ತರೆ ಅಜ್ಜಿಗೆ ಸ್ವಾಗತವೇ ಇಲ್ಲ. ಹೊಸದು ಬರೆಸಲು ಹೊತ್ತಿಲ್ಲ. ಮನ್‌ಸು ಏಣಿ ಹತ್ತಿ, ಸೊನ್ನೆಯ ಮೇಲೆ ಬಿಳಿ ಟೇಪು ಅಂಟಿಸಿದ. ಟೊಪ್ಪಿ ಸಮೇತ ಸೊನ್ನೆ ಮಾಯ. ಈಗ ಬ್ಯಾನರು ಅಚ್ಚುಕಟ್ಟಾಗಿ 'ಬೇಗ ಗುಣವಾಗಿ' ಎನ್ನುತ್ತಿತ್ತು. ಅವನು ಇಳಿದು ಬೆವರೊರೆಸಿಕೊಳ್ಳುವುದಕ್ಕೂ ಅಜ್ಜಿಯ ಟ್ಯಾಕ್ಸಿ ತಿರುವಿನಲ್ಲಿ ಕಾಣಿಸುವುದಕ್ಕೂ ಸರಿಹೋಯಿತು.

ಬುನ್‌ರೆ ಅಜ್ಜಿ ಊರುಗೋಲು ಊರಿ ಇಳಿದಳು. ಯಾರ ಮುಖವನ್ನೂ ನೋಡಲಿಲ್ಲ. ಕತ್ತೆತ್ತಿ ಬ್ಯಾನರನ್ನೇ ನೋಡಿದಳು.

"ಬು...ನ್...ರೆ," ಎಂದು ಬೆರಳಾಡಿಸುತ್ತ ಗಟ್ಟಿಯಾಗಿ ಓದಿದಳು. "ಅ...ಜ್ಜಿ. ಬೇ...ಗ. ನಾ...ಉ...ಸೆ...ಯೊ."

ಎಂಬತ್ತು ವರ್ಷ ಯಾರೋ ಕರೆದಾಗ ಮಾತ್ರ ಕೇಳಿಸುತ್ತಿದ್ದ ಹೆಸರು ಈಗ ಆಕಾಶಕ್ಕೆ ಕಟ್ಟಿದ ಹಾಗೆ ಮೇಲೆ ನಿಂತಿತ್ತು. "ಇಷ್ಟು ದೊಡ್ಡದಾ ನನ್ನ ಹೆಸರು?" ಎಂದಳು. ಟೈ ಕಟ್ಟಿದ ಅಧಿಕಾರಿ ಹೂಗುಚ್ಛವನ್ನು ಎರಡು ಕೈಯಲ್ಲಿ ಹಿಡಿದು ಬಾಗಿ ಅವಳಿಗೇ ಒಪ್ಪಿಸಿದ. ಮನ್‌ಸುವಿನ ಹೆಂಡತಿ ಕಣ್ಣೊರೆಸಿಕೊಂಡಳು. ಮನ್‌ಸು ಬೆಳಗಿನಿಂದ ಕಟ್ಟಿಕೊಂಡಿದ್ದ ಉಸಿರು ಬಿಟ್ಟ.

"ಎಲ್ಲಾ ಚೆನ್ನಾಗಿದೆ ಮಗಾ," ಅಜ್ಜಿ ಅವನತ್ತ ತಿರುಗಿದಳು. "ಒಂದೇ ಒಂದು ತಪ್ಪು. 'ನಾ' ಕೆಳಗಿನ ಟೊಪ್ಪಿ ಸೊನ್ನೆ ಎಲ್ಲೋ?"

ಮನ್‌ಸುವಿನ ಬಿಟ್ಟ ಉಸಿರು ವಾಪಸ್ಸು ಬಂತು.

"ಶಾಲೇಲಿ 'ನಾನು ಆರು ಮಕ್ಕಳನ್ನ ಹೆತ್ತೆ' ಅಂತ ಬರ್ದಿದ್ದೆ. ಸೊನ್ನೆ ಬಿಟ್ಟುಬಿಟ್ಟಿದ್ದೆ. ಮೇಡಂ ಕೆಂಪು ಮಸೀಲಿ ತಿದ್ದಿ ಪುಟದ ತುಂಬ ಬರ್ಸಿದ್ರು. ನಾನು ಕಲಿತ ಮೊದಲ್ನೇ ಕಷ್ಟದ ಅಕ್ಷರ ಕಣೋ ಅದು. ಬಾಯಲ್ಲಿ ಇದೂ ಅದೇ 'ನಾಉ' ತಾನೇ? ಅದನ್ನ ನಾನು ಮರೀತೀನಾ?"

ಮನ್‌ಸು ಬಾಯಿ ತೆರೆದ. ಹೆಂಡತಿ ಅವನ ಕಾಲು ತುಳಿದಳು. ಅವನು ಅಧಿಕಾರಿಯತ್ತ ನೋಡಿದ. ಅಧಿಕಾರಿ ಮೋಡ ನೋಡುತ್ತಿದ್ದ. ಬೇ ಮುಖ್ಯಸ್ಥನತ್ತ ನೋಡಿದ.

"ನಾನು ಬೆಳಗ್ಗೆಯಿಂದ ಬಡ್ಕೋತಿದೀನಿ ಅಜ್ಜೀ, ಬ್ಯಾನರಲ್ಲಿ ತಪ್ಪಿದೆ ಅಂತ," ಎಂದ ಬೇ. "ಕೇಳಿದ್ರೆ ತಾನೇ ಇವ್ನು!"

"ಹೌದಜ್ಜೀ, ನಾವೂ ಹೇಳಿದ್ವಿ!" ಎಂದಿತು ಇಡೀ ಗುಂಪು.

ಮನ್‌ಸು ಮತ್ತೆ ಏಣಿ ಹತ್ತಿದ. ಅಜ್ಜಿ ಕೆಳಗಿನಿಂದ ಊರುಗೋಲು ಎತ್ತಿ ತೋರಿಸುತ್ತಿದ್ದಂತೆ, ತಾನೇ ಅಂಟಿಸಿದ ಟೇಪನ್ನು ತಾನೇ ಉಗುರಿನಿಂದ ಸುಲಿದ. ಟೊಪ್ಪಿ ಹಾಕಿದ ಸೊನ್ನೆ ಹೊರಬಂತು. ಅದೇ ಹೊತ್ತಿಗೆ ಸಂಜೆಯ ಬಸ್ಸು ಬಂದು ನಿಂತಿತು. ಕಿಟಕಿಗಳಿಂದ ತಲೆಗಳೂ ಫೋನುಗಳೂ ಹೊರಬಂದವು.

"ನೋಡು, ಸರಿಯಾಗಿ ಬರೆದ್ರೆ ಜನ ಹೆಂಗೆ ನಿಂತು ಓದ್ತಾರೆ!" ಅಜ್ಜಿ ಬಸ್ಸಿನವರಿಗೆಲ್ಲ ಕೈ ಬೀಸಿದಳು. ಆಮೇಲೆ ಏಣಿಯ ಕಾಲನ್ನು ಊರುಗೋಲಿನಿಂದ ತಟ್ಟಿದಳು. "ಇದು ಚಳಿಗಾಲ ಮುಗಿಯೋವರೆಗೂ ಇಲ್ಲೇ ಇರ್ಲಿ. ನೀನು ಸೋಮವಾರದಿಂದ ಪೆನ್ಸಿಲ್ ತಗೊಂಡು ನಮ್ಮ ಶಾಲೆಗೆ ಬಾ. ನನ್ನ ಪಕ್ಕದಲ್ಲೇ ಕೂರಿಸ್ಕೊಂಡು ತಿದ್ದಿಸ್ತೀನಿ."

"ಹೂಂ ಅಜ್ಜೀ," ಎಂದ ಯುವಕ ಸಂಘದ ಅಧ್ಯಕ್ಷ, ಏಣಿಯ ಮೇಲಿಂದ.