ಟೇಪಣ್ಣನ ಸ್ವಂತ ದನಿ

ಎಲ್ಲಕ್ಕೂ ಕಾರಣ ಒಂದು ಕ್ಷಮಾಪಣೆ. ಹೆಂಡತಿ ಮುನಿಸಿಕೊಂಡು ಕೂತಿದ್ದಾಗ ಟೇಪಣ್ಣ "ತಪ್ಪಾಯ್ತು" ಎಂದ. ಆದರೆ ಅವಳ ಸೋದರಮಾವನ ಮೂಗುದನಿಯಲ್ಲಿ ಎಂದ. ನಗಲಿ ಎಂದೇ ಹಾಗೆ ಮಾಡಿದ್ದ. ಅವಳು ನಗಲಿಲ್ಲ, ಬ್ಯಾಗು ತುಂಬಿಕೊಂಡು ತವರಿಗೆ ಹೊರಟುಹೋದಳು.

ಕೆಲಸಕ್ಕಿದ್ದ ಬಟ್ಟೆ ಅಂಗಡಿಯಲ್ಲಿ ಅವನಿಗೆ ಟೇಪಣ್ಣ ಎಂಬ ಅಡ್ಡಹೆಸರು ಬಿದ್ದದ್ದೂ ಟೇಪ್‌ರೆಕಾರ್ಡರಿನಂತೆ ಕಂಡಕಂಡವರ ದನಿ ತೆಗೆಯುವ ಈ ಚಾಳಿಯಿಂದಲೇ. ಇವತ್ತು ಬೆಳಿಗ್ಗೆ ಹೆಂಡತಿಯೇ ಫೋನ್ ಮಾಡಿದ್ದಳು.

"ಸಂಜೆಯೊಳಗೆ ನಿಮ್ಮ ಸ್ವಂತ ದನೀಲಿ ಒಂದ್ಸಲ 'ಬಾ' ಅನ್ನಿ, ಬರ್ತೀನಿ. ಆಗಲ್ಲ ಅಂದ್ರೆ ಇಲ್ಲೇ ಇದ್ದುಬಿಡ್ತೀನಿ."

ಇದೇನು ಮಹಾ ಎಂದುಕೊಂಡ. ಹಾಗಂದುಕೊಂಡದ್ದೂ ಅಂಗಡಿ ಯಜಮಾನರ ದನಿಯಲ್ಲೇ ಎಂದು ಹೊಳೆದಾಗ ಸ್ವಂತ ದನಿಗಾಗಿ ಒಳಗೆಲ್ಲ ತಡಕಾಡಿದ. ಹೆದರಿದರೆ ಅಮ್ಮನ ದನಿ, ಆಸೆಪಟ್ಟರೆ ಕ್ಯಾಷಿಯರಮ್ಮನದು, ಗೊಣಗಿದರೆ ಟೈಲರನದು. ಮನೆ ತುಂಬ ಬಾಡಿಗೆಯವರು, ಮಾಲೀಕನಿಗೇ ಕೋಣೆಯಿಲ್ಲ ಎಂಬಂತಾಗಿತ್ತು.

ಯಜಮಾನರು ಊಟಕ್ಕೆ ಹೋದದ್ದೇ ತಡ, ಯಾರಿಗೂ ಹೇಳದೆ ಅಟ್ಟ ಹತ್ತಿದ. ಬಟ್ಟೆಯ ಥಾನುಗಳ ನಡುವೆ ಕೂತು, ಹೆಂಡತಿಯನ್ನು ಕರೆಯುವ ಅಭ್ಯಾಸಕ್ಕಿಳಿದ. "ಸಾಕು, ಮನೆಗೆ ನಡಿ!" ಯಜಮಾನರ ದನಿ. ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಎಂದ. ಮತ್ತೂ ಖಡಕ್ಕಾಗಿ ಯಜಮಾನರೇ ಬಂದರು.

ಕೆಳಗಿದ್ದ ಕೆಲಸದವರಿಗೆ ಅಷ್ಟೇ ಸಾಕಾಯಿತು. ಯಜಮಾನರ ಬಾಯಲ್ಲಿ ಇಂಥ ಮಾತು ಬರುವುದೇ ಅಪರೂಪ, ಊಟದಿಂದ ಯಾವಾಗ ಬಂದರೆಂದು ಕೇಳಿ ಕೆಡಿಸಿಕೊಳ್ಳುವವರು ಯಾರು? ಒಂದೇ ತೋಳು ತೂರಿಸಿದ್ದ ಗಿರಾಕಿಯ ಮೈಯಿಂದ ಅಂಗಿ ಕಿತ್ತುಕೊಂಡು ಅವನನ್ನು ಹೊರಗೆ ಕಳಿಸಿ, ಷಟರ್ ಎಳೆದರು.

ಊಟ ಮುಗಿಸಿ ಬಂದ ಯಜಮಾನರು ಬೆಂಕಿಯಾದರು. "ಯಾರ್ರೀ ಮುಚ್ಚೋಕೆ ಹೇಳಿದ್ದು?"

"ನೀವೇ ಸಾರ್!" ಎಂದಳು ಬಸ್‌ಸ್ಟಾಪಿನಿಂದ ಟೈಲರನೊಂದಿಗೆ ಓಡಿಬಂದ ಕ್ಯಾಷಿಯರಮ್ಮ.

ಆಗಲೇ ಅಟ್ಟದಿಂದ ಕೇಳಿಸಿತು: "ಸಾಕು, ಮನೆಗೆ ನಡಿ!" ಯಜಮಾನರು ತಮ್ಮ ಬಾಯನ್ನು ಮುಟ್ಟಿ ನೋಡಿಕೊಂಡರು.

ಷಟರ್ ಎತ್ತಿಸಿ, ಟೇಪಣ್ಣನನ್ನು ಕೆಳಗಿಳಿಸಿ, ಹಿಗ್ಗಾಮುಗ್ಗಾ ಬೈದರು. "ನಿಂದು ಅಂತ ಒಂದು ದನಿ ಇಲ್ವೇನೋ ನಿಂಗೆ?"

"ಇಲ್ಲ ಸಾರ್. ಅದಕ್ಕೇ ನನ್ನ ಹೆಂಡ್ತಿ ವಾಪಸ್ ಬರ್ತಿಲ್ಲ."

ಅದು ಯಾರ ದನಿಯೂ ಆಗಿರಲಿಲ್ಲ. ಮೆಲ್ಲಗಿತ್ತು, ಅಳು ಬೆರೆತು ಒಡೆದಿತ್ತು.

"ಇದೇ ಕಣೋ ನಿಂದು!" ಟೈಲರ್ ಕೂಗಿದ. "ಆರಿಹೋಗೋ ಮುಂಚೆ ಫೋನ್ ಮಾಡು!"

ಸಿಟ್ಟು ಮರೆತು ಯಜಮಾನರೇ ಫೋನ್ ಎತ್ತಿಕೊಟ್ಟರು.

"ನಾನು ಕಣೇ," ಎಂದ ಟೇಪಣ್ಣ ಅದೇ ದನಿಯಲ್ಲಿ. "ನಗಿಸೋಕೆ ಹೋಗಿ ಅಳಿಸ್ಬಿಟ್ಟೆ. ತಪ್ಪಾಯ್ತು. ನೀನಿಲ್ದೆ ನಂಗೆ ಆಗಲ್ಲ. ಬಾ."

ಆ ಕಡೆಯಿಂದ ಮೂಗೊರೆಸಿಕೊಂಡ ಸದ್ದು. ಕ್ಯಾಷಿಯರಮ್ಮನ ಕಣ್ಣೂ ತುಂಬಿತ್ತು.

"ರೀ," ಎಂದಳು ಹೆಂಡತಿ. "ಯಾರದ್ರೀ ಈ ದನಿ? ಪಾಪ, ಯಾರೋ ನೊಂದಿರೋ ಒಳ್ಳೆ ಮನುಷ್ಯ. ಅಂಥವರನ್ನೂ ಅಣಕಿಸೋಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತು?"

ಫೋನ್ ಕಟ್ಟಾಯಿತು. ಟೇಪಣ್ಣ ಅದನ್ನು ಕಿವಿಯಿಂದ ತೆಗೆಯಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿಯೂ ಆ ಒಳ್ಳೆ ಮನುಷ್ಯನನ್ನು ಅವಳಿಗೆ ಒಮ್ಮೆಯೂ ಪರಿಚಯ ಮಾಡಿಸಿರಲಿಲ್ಲವಲ್ಲ ಎಂದು ಅವನಿಗೆ ಆಗ ಹೊಳೆಯಿತು.