ಏಕಾದಶಿಯಂದು ಬಿಡುಗಡೆಯಾದ ನೆಲಜೇಡರಿಗೆ

ಅಜನಿ ರೈಲ್ವೆ ಕ್ವಾರ್ಟರ್ಸ್, ನಾಗಪುರ
ಕಾರ್ತಿಕ ಶುದ್ಧ ದ್ವಾದಶಿ, ೧೯೫೭

ಮಾನ್ಯರೇ,

ಎಂಟು ಕಣ್ಣು, ಎಂಟು ಕಾಲುಗಳ ಸಮೇತ ತಾವು ಕ್ಷೇಮವಾಗಿರುವಿರೆಂದು ನಂಬಿ, ಇರುವ ಎರಡೇ ಕಣ್ಣನ್ನೂ ಭೂತಗನ್ನಡಿಗೆ ಒಪ್ಪಿಸಿ ಕೆಂಪಾಗಿಸಿಕೊಂಡಿರುವ ತುಂಗಾ ಎಂಬ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿ ಅನಂತ ನಮಸ್ಕಾರಗಳೊಡನೆ ಬರೆದುಕೊಳ್ಳುವ ಬಿನ್ನಹ. ನಿನ್ನೆ ಬೆಳಗಿನವರೆಗೂ ತಾವು ನಮ್ಮ ಅಡುಗೆಮನೆಯ ಕಿಟಕಿಯಲ್ಲಿ, ತೊಳೆದ ಉಪ್ಪಿನಕಾಯಿ ಬಾಟಲಿಯೊಳಗೆ ವಾಸವಾಗಿದ್ದಿರಿ.

ತಮ್ಮ ವಂಶವನ್ನು ಹೊಗಳುವುದರಲ್ಲಿ ನಾನೆಂದೂ ಜಿಪುಣತನ ಮಾಡಿಲ್ಲ. ಬಲೆ ಹೆಣೆದು ಮೂಲೆಯಲ್ಲಿ ಕೂತು, ನೊಣ ಬಂದು ಬೀಳಲೆಂದು ಕಾಯುವ ಸೋಮಾರಿತನ ತಮ್ಮದಲ್ಲ. ಹಗಲೆಲ್ಲ ಕಲ್ಲಿನಡಿ ರೇಷ್ಮೆಯ ಚೀಲದಲ್ಲಿ ಮಲಗಿ, ಕತ್ತಲಾದ ಮೇಲೆ ಅಲೆದಾಡಿ ಊಟ ಸಂಪಾದಿಸುವ ಸ್ವಾಭಿಮಾನಿಗಳು ತಾವು. ಹೊಟ್ಟೆಯ ತುದಿಯಲ್ಲಿ ನೂಲು ಬಿಡುವ ಎರಡು ಕೊಳವೆಗಳು ಮುನಿಸಿಕೊಂಡ ಓರಗಿತ್ತಿಯರಂತೆ ದೂರ ದೂರ ನಿಂತಿರುವುದನ್ನು ಕಂಡರೆ ಸಾಕು, ತಾವು ಯಾವ ಮನೆತನದವರೆಂದು ಹೇಳಬಹುದು. ಆ ಮನೆತನದಲ್ಲಿ ಯಾರೆಂದು ಹೇಳಬೇಕಾದರೆ ಮಾತ್ರ ತಾವು ಪ್ರಾಯಕ್ಕೆ ಬರಬೇಕು. ಎರಡು ವರ್ಷದಲ್ಲಿ ನಾನು ಹಿಡಿದ ತಮ್ಮ ಇಪ್ಪತ್ತಮೂರು ಬಂಧುಗಳೂ ಎಳಸು. ತಮ್ಮೊಬ್ಬರ ಬಾಯ ಪಕ್ಕದ ಮೋಟುಗೈಗಳ ತುದಿ ಮಾತ್ರ ಊದಿಕೊಂಡು, ಇನ್ನೊಂದು ಪೊರೆ ಕಳಚಿದರೆ ಪೂರ್ತಿ ಗಂಡಾಗುವ ಲಕ್ಷಣ ತೋರಿಸಿತ್ತು.

ಪೊರೆ ಬಿಡುವ ಮುನ್ನ ಊಟ ಬಿಡುವುದು ತಮ್ಮವರ ವಾಡಿಕೆ. ಅದು ನನಗೆ ಗೊತ್ತಿತ್ತು, ನನ್ನ ತಾಯಿ ಅನಸೂಯಾಬಾಯಿಯವರಿಗೆ ಗೊತ್ತಿರಲಿಲ್ಲ. ನಾಲ್ಕು ದಿನದಿಂದ ಗೆದ್ದಲು ಮುಟ್ಟದ ತಮ್ಮನ್ನು ನೋಡಿ, "ಪಾಪ, ಉಪಾಸ ಕೂತದ! ಏಕಾದಶಿ ದಿವಸ ಉಪಾಸ ಇದ್ದ ಜೀವಾನ ಸೆರ್ಯಾಗ ಇಟ್ರ ನಮಗೆಂಥಾ ಪುಣ್ಯ ಬರ್ತದ?" ಎಂದು ಕಣ್ಣು ತುಂಬಿಕೊಂಡು, ಬಾಟಲಿಯನ್ನು ತುಳಸಿಕಟ್ಟೆಯ ಬುಡದಲ್ಲಿ ಬೋರಲು ಹಾಕಿದರು. ನಾನು ಗೊಳೋ ಎಂದು ಅತ್ತೆ, ನನ್ನನ್ನು ನೋಡಿ ಅವರೂ ಅತ್ತರು. ತಾವು ಹಿಂತಿರುಗಿ ನೋಡಲಿಲ್ಲ.

ಬರುವ ಶುಕ್ರವಾರ ಪ್ರಬಂಧ ಒಪ್ಪಿಸಬೇಕು. ತಮ್ಮ ಶಾಸ್ತ್ರೀಯ ಹೆಸರಿಲ್ಲದ ಪ್ರಬಂಧವನ್ನು ಪ್ರೊಫೆಸರರು ಮುಟ್ಟುವುದಿಲ್ಲ. ಅವರು ಮುಟ್ಟದಿದ್ದರೆ, ಪಾರ್ಸೆಲ್ ಆಫೀಸಿನಲ್ಲಿರುವ ನಮ್ಮ ತಂದೆ ನನ್ನ ಓದಿಗೆ ಕೊಟ್ಟ ಗಡುವು ಮುಗಿದು, ಸೊಲ್ಲಾಪುರದ ಸಂಬಂಧಕ್ಕೆ ಕೊರಳೊಡ್ಡುವುದೇ ಸೈ. ಆದ್ದರಿಂದ ತಾವು ಗುರುವಾರದೊಳಗೆ ಪೊರೆ ಕಳಚಿ, ಪ್ರಾಯಕ್ಕೆ ಬಂದ ಬಗ್ಗೆ ಗೆಜೆಟೆಡ್ ಅಧಿಕಾರಿಯ ಸಹಿ ಪಡೆದು, ಅಮ್ಮ ಅಂಗಳ ಸಾರಿಸುವ ಹೊತ್ತು ತಪ್ಪಿಸಿ ಬಾಟಲಿಯೊಳಕ್ಕೆ ದಯಮಾಡಿಸಬೇಕು. ನಾನು ಚಿತ್ರ ಬರೆದು ಮುಗಿಸುವ ತನಕ ಎಡ ಮೋಟುಗೈಯನ್ನು ಬೆಳಕಿಗೆ ಹಿಡಿದು ಅಲುಗದೆ ನಿಲ್ಲಬೇಕು. ಆಮೇಲೆ ತಮಗಾಗಿ ಕಾಲೇಜಿನ ಸ್ಪಿರಿಟ್ಟಿನ ಸೀಸೆ ಕಾದಿದೆಯೆಂಬುದನ್ನು ಮುಚ್ಚಿಡಲಾರೆ, ಆದರೆ ವರ್ಗಾವಣೆಯಿಲ್ಲದ ಅಂಥ ಖಾಯಂ ಜಾಗ ರೈಲ್ವೆಯಲ್ಲಿ ನಮ್ಮ ತಂದೆಗೂ ಸಿಕ್ಕಿಲ್ಲ. ನನಗೆ ಭಯವಾಗಿದೆ, ಮಾನ್ಯರೇ. ಬೇಗ ಬನ್ನಿ.

ತಮ್ಮ ವಿಶ್ವಾಸಿ,
ತುಂಗಾ

ತಾ.ಕ.: ಸೊಲ್ಲಾಪುರದವರು ಇನ್ನೂ ನನ್ನ ಮುಖ ನೋಡಿಲ್ಲ. ಆದರೂ ಮದುವೆಯ ದಿನ ಗಂಡನ ಮನೆಯವರು ಅಕ್ಕಿಯಲ್ಲಿ ಬರೆಸಿ ಸೊಸೆಗೆ ಇಡುವ ಹೊಸ ಹೆಸರನ್ನು ಇಂದಿನ ಟಪಾಲಿನಲ್ಲೇ ತಿಳಿಸಿದ್ದಾರೆ: ಸತ್ಯಭಾಮಾ. ಎರಡು ವರ್ಷ ನೋಡಿಯೂ ತಮಗೊಂದು ಹೆಸರು ಹೇಳಲು ಅಂಜಿದ ನನ್ನನ್ನು ದಡ್ಡಿಯೆಂದು ತಿಳಿಯಬೇಡಿ; ನಮ್ಮ ಶಾಸ್ತ್ರದಲ್ಲಿ ಮೊದಲು ನೋಡುತ್ತೇವೆ.